ಇಬ್ಬರು ಪಿಂಟೊಗಳು ಮತ್ತು ವಲೆನ್ಸಿಯಾದ ತೆನೆ ಹಬ್ಬ

ಪ್ರವಾಸ ಮಾಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವು ಹುಡುಗಿಯರು ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿರುವ ನನ್ನ ಮನೆಗೆ ಆಗಾಗ ಬರುತ್ತಾರೆ. ಕೆರೆಗೆ ಒಂದು ಸುತ್ತು ಹಾಕಿ, ಚಹಾ ಕುಡಿದು, "ಲವೀನಾ ಆಂಟಿ, ನಿಮ್ ಲಕ್ಕೇ ಲಕ್ಕು. ಫ್ರೀಯಾಗಿ ಯುರೋಪೆಲ್ಲಾ ನೋಡ್ಬಿಟ್ರಿ" ಎನ್ನುತ್ತಾರೆ. ನೋಡಿದ್ದು ಹೌದು. ಆದರೆ ಹೆಚ್ಚಾಗಿ ನೋಡಿದ್ದು ಹೋಟೆಲಿನ ಕೌಂಟರು, ಬಸ್ಸಿನ ಹೊಟ್ಟೆಯೊಳಗಿನ ಸೂಟ್‌ಕೇಸು, ಮತ್ತೆ ತಲೆ ಎಣಿಸುವಾಗ ಕಾಣುವ ಬೋಳು, ನರೆ, ಡೈ ಹಚ್ಚಿದ ತಲೆಗಳು. ಅಂಥ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಸೀನಿಯರ್ ಆದೆ, ಯಾರು ನನಗೆ ಶಾಲು ಹೊದೆಸಿದರು ಎನ್ನುವುದೆಲ್ಲ ನಿಮಗೆ ಬೇಡ. ಎಲ್ಲಿ ಎಡವಿದೆ, ಎಲ್ಲಿ ನಕ್ಕೆ, ಅಷ್ಟನ್ನು ಹೇಳುತ್ತೇನೆ.

ನಾನು ಉಡುಪಿ ಕಡೆಯ ಕ್ರಿಶ್ಚಿಯನ್ ಮನೆಯವಳು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು. ಮದುವೆಯಾಗಿ ಬಹರೈನಿಗೆ ಹೋದವಳು ಅಲ್ಲಿ ವಿಮಾನದ ಟಿಕೆಟ್ ಬರೆಯುವುದನ್ನು ಕಲಿತೆ. ಬರೆಯುವುದೆಂದರೆ ನಿಜವಾಗಿಯೂ ಬರೆಯುವುದೇ. ಕೆಳಗಿನ ಪ್ರತಿಗೂ ಅಕ್ಷರ ಇಳಿಯಬೇಕೆಂದು ಪೆನ್ನನ್ನು ಒತ್ತಿ ಒತ್ತಿ ಬೆರಳಿನಲ್ಲಿ ಗಂಟು ಬಂದಿತ್ತು. ಆಮೇಲೆ ಆಸ್ಟ್ರೇಲಿಯಾಕ್ಕೆ ಬಂದಾಗ ಇಪ್ಸ್‌ವಿಚ್‌ನ ಒಂದು ಸಣ್ಣ ಟ್ರಾವೆಲ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದಲೇ ನಿವೃತ್ತಳಾದೆ.

ಅದರ ಮಾಲೀಕ ಕೆವಿನ್. ಖಾಕಿ ಚಡ್ಡಿ, ಮೊಣಕಾಲಿನವರೆಗೆ ಬಿಳಿ ಸಾಕ್ಸ್, ಕೈಯಲ್ಲಿ ಯಾವಾಗಲೂ ಅರ್ಧ ತಿಂದ ಮೀಟ್ ಪೈ. ಇಡೀ ಪ್ರಪಂಚವನ್ನು ಮಾರುತ್ತಿದ್ದ ಮನುಷ್ಯ ಸ್ವತಃ ಬಾಲಿಯಿಂದಾಚೆ ಹೋದವನಲ್ಲ. ನಾನು ಕೇಳಿದರೆ, "ಮೀನು ಮಾರುವವನು ಈಜಲೇಬೇಕಾ?" ಎನ್ನುತ್ತಿದ್ದ. ಆದರೆ ದಂಧೆ ಅವನಿಗೆ ಅಂಗೈ ನೆಲ್ಲಿಕಾಯಿ. ಮೊದಲ ವಾರವೇ ನನಗೆ ಹೇಳಿದ: ಜನಕ್ಕೆ ರೋಮ್ ಬೇಕು, ಅಥೆನ್ಸ್ ಬೇಕು ಎಂದು ಮಾರಬೇಡ. ಆ ಊರಿನವರು ಯಾವ ದಿನ ಬೀದಿಗಿಳಿದು ಕುಣಿಯುತ್ತಾರೋ ಆ ದಿನ ಮಾರು. ಉಳಿದ ದಿನ ಎಲ್ಲ ಊರೂ ಕಲ್ಲು ಮತ್ತು ಕಾಫಿಯೇ. ನನ್ನ ಇಡೀ ವೃತ್ತಿ ಈ ಮಾತಿನ ಮೇಲೆ ನಿಂತಿತ್ತು.

ಬ್ರಿಸ್ಬೇನ್, ಪರ್ತ್, ಅಡಿಲೇಡ್ ಮೂರೂ ಕಡೆ ಆ ಹೊತ್ತಿಗೆ ನಮ್ಮವರು ಬೆಳೆದಿದ್ದರು. ಕರಾವಳಿಯ ನಮ್ಮ ಕ್ರಿಶ್ಚಿಯನ್ ಮನೆಗಳು, ಬೆಂಗಳೂರು ಮೈಸೂರಿನ ಎಂಜಿನಿಯರುಗಳು. ಮಕ್ಕಳು ದೊಡ್ಡವರಾಗಿ, ಮನೆಸಾಲ ಸವೆದು, ಎಲ್ಲರಿಗೂ ಕಾಲು ತುರಿಸತೊಡಗಿತ್ತು. ಒಂದು ಭಾನುವಾರದ ಬಾರ್ಬೆಕ್ಯೂ ಊಟದಲ್ಲಿ ಯಾರೋ ಕೇಳಿದರು, "ಲವೀನಾ, ಕನ್ನಡದಲ್ಲೇ ಮಾತಾಡ್ಕೊಂಡು ಯುರೋಪ್ ಸುತ್ತೋ ಥರ ಒಂದು ಟೂರ್ ಮಾಡ್ಬಾರ್ದಾ?" ಆಡು ಮುಟ್ಟದ ಸೊಪ್ಪಿಲ್ಲ ಎನ್ನುವ ಹಾಗೆ ನಾನು ಆಮೇಲೆ ಮುಟ್ಟದ ದಕ್ಷಿಣ ಯುರೋಪಿನ ಊರಿಲ್ಲ.

ಮೊದಲ ಟೂರಿನಲ್ಲೇ ಮುಗ್ಗರಿಸಿದೆ. ಈಸ್ಟರ್ ಹಬ್ಬಕ್ಕೆ ಅಥೆನ್ಸ್. ಬೀದಿ ತುಂಬ ಮೇಣದಬತ್ತಿ, ಗಂಟೆ, ಪಟಾಕಿ ಎಂದೆಲ್ಲ ಆಸೆ ಹುಟ್ಟಿಸಿ ಕರೆದುಕೊಂಡು ಹೋದೆ. ಅಲ್ಲಿ ಇಳಿದರೆ ಊರು ತನ್ನ ಪಾಡಿಗೆ ತಾನು ತರಕಾರಿ ಕೊಳ್ಳುತ್ತಿದೆ. ಗ್ರೀಕರ ಈಸ್ಟರ್ ಬೇರೆ ಲೆಕ್ಕ, ಆ ವರ್ಷ ಅವರದು ಇನ್ನೂ ವಾರಗಳಾಚೆ ಇತ್ತು. ಹುಟ್ಟಿದಾಗಿನಿಂದ ಈಸ್ಟರ್ ಆಚರಿಸಿದವಳಿಗೆ ಈಸ್ಟರ್ ಎರಡಿರಬಹುದು ಎಂದು ಹೊಳೆಯಲೇ ಇಲ್ಲ. ಹಿಂದೂ ಆಗಿದ್ದರೆ ಪಂಚಾಂಗ ನೋಡುತ್ತಿದ್ದೆನೇನೋ. ಭಾನುವಾರ ಬೆಳಿಗ್ಗೆ ನಾವು ಹೋಟೆಲಿನ ಹುಡುಗರಿಗೆಲ್ಲ ಹ್ಯಾಪಿ ಈಸ್ಟರ್ ಎಂದು ಕೈ ಕುಲುಕಿದೆವು. ಅವರಿನ್ನೂ ಈಸ್ಟರಿಗೆ ಮುಂಚಿನ ಉಪವಾಸದಲ್ಲಿದ್ದರು. ನಮ್ಮನ್ನು ಕರುಣೆಯಿಂದ ನೋಡಿ ಅಡುಗೆಯವನಿಗೆ ಹೇಳಿ ಕೆಂಪು ಬಣ್ಣದ ಮೊಟ್ಟೆ ಬೇಯಿಸಿಕೊಟ್ಟರು. ಫೋನಿನಲ್ಲಿ ಕೆವಿನ್, "ಇಲ್ಲಿ ಕ್ಯಾಥೊಲಿಕ್ ನೀನಾ ನಾನಾ?" ಎಂದದ್ದು ಬಿಟ್ಟರೆ ಯಾರೂ ಬೈಯಲಿಲ್ಲ. ಗದ್ದಲವಿಲ್ಲದ ಊರು, ಹೂಬಿಟ್ಟ ಕಿತ್ತಳೆ ಮರಗಳು, ಸುಲಭದಲ್ಲಿ ಸಿಕ್ಕ ಒಳ್ಳೆಯ ರೂಮು. ಎಲ್ಲರೂ ಖುಷಿಯಾಗಿ ವಾಪಸ್ ಬಂದರು. ನಾನು ಮಾತ್ರ ಆವತ್ತಿನಿಂದ ಯಾವ ಹಬ್ಬವನ್ನೂ ಆ ಊರಿನವರನ್ನೇ ಕೇಳದೆ ಮಾರಿದವಳಲ್ಲ.

ಲಿಸ್ಬನ್ನಿನ ಜೂನ್ ತಿಂಗಳು ನನಗೆ ಬಹಳ ಇಷ್ಟ. ಸಂತ ಅಂತೋನಿಯವರ ಹಬ್ಬ, ಗಲ್ಲಿಗಲ್ಲಿಯಲ್ಲಿ ಬೂತಾಯಿ ಮೀನು ಸುಡುವ ಹೊಗೆ. ನಮ್ಮ ಕರಾವಳಿಯವರು ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಗೈಡ್ ಹೇಳುತ್ತಿದ್ದ ಇತಿಹಾಸವನ್ನು ಅಲ್ಲೇ ಬಿಟ್ಟು ಹೊಗೆಯ ಹಿಂದೆ ಹೋದರು. ಹೋಟೆಲಿನ ಕೌಂಟರಿನಲ್ಲಿ ಇನ್ನೊಂದು ತಮಾಷೆ. ಪಾಸ್‌ಪೋರ್ಟು ಕೊಟ್ಟರೆ ಡಿಸೋಜ, ಲೋಬೊ, ಪಿಂಟೊ, ಮೆನೆಜಸ್, ಎಲ್ಲ ಅವರೂರಿನ ಹೆಸರೇ. ಆ ಹುಡುಗಿ ಕಣ್ಣರಳಿಸಿ ಪಟಪಟನೆ ಪೋರ್ಚುಗೀಸಿನಲ್ಲಿ ಮಾತಾಡಲು ಶುರುಮಾಡಿದಳು. ನಾವು ಪಿಳಿಪಿಳಿ ನೋಡಿದೆವು.

ಆ ಗುಂಪಿನಲ್ಲಿ ಮೈಸೂರಿನ ಪದ್ಮಿನಿ ಆಂಟಿ ಇದ್ದರು. ಬ್ರಿಸ್ಬೇನಿನಲ್ಲಿ ಮಗಳ ಮನೆಯಲ್ಲಿರುವವರು. ಒಂದು ಸಲ ಬಂದವರು ಆಮೇಲೆ ನನ್ನ ಒಂದು ಟೂರನ್ನೂ ಬಿಡಲಿಲ್ಲ. ಲಿಸ್ಬನ್ನಿನಲ್ಲಿ ಆ ಹಬ್ಬಕ್ಕೆ ಮನೆ ಮನೆ ಕಿಟಕಿಯಲ್ಲಿ ಗುಂಡಗೆ ಬೆಳೆಸಿದ ಒಂದು ಪುಟ್ಟ ಗಿಡ ಇಡುತ್ತಾರೆ, ಪ್ರೀತಿಸಿದವರಿಗೆ ಕೊಡುತ್ತಾರೆ. ಎಲೆ ಸಣ್ಣದು, ವಾಸನೆ ಥೇಟ್ ನಮ್ಮ ತುಳಸಿಯದೇ. ಪದ್ಮಿನಿ ಆಂಟಿ ಚಪ್ಪಲಿ ಕಳಚಿ ಒಂದು ಅಂಗಡಿಯ ಮುಂದೆ ಕೈಮುಗಿದು ನಿಂತರು. ಅಂಗಡಿಯ ಮುದುಕ, ಈಯಮ್ಮ ತನಗೇ ಕೈಮುಗಿದರು ಎಂದು ತಿಳಿದು ಒಂದು ಕುಂಡ ಎತ್ತಿ ಅವರ ಕೈಗಿಟ್ಟು ಹಣೆಗೆ ಕೈಹಚ್ಚಿ ನಮಸ್ಕರಿಸಿದ. ಅದೇನೆಂದು ನಾನು ಬಿಡಿಸಿ ಹೇಳಿದಾಗ ಆಂಟಿಯ ಕೆನ್ನೆ ಕೆಂಪಗಾಯಿತು. "ಅಯ್ಯೋ ಲವೀನಾ, ಈ ವಯಸ್ಸಲ್ಲಿ ನನಗೊಬ್ಬ ತುಳಸಿ ಕೊಟ್ಬಿಟ್ನಲ್ಲೇ. ನಮ್ ಯಜಮಾನ್ರು ಒಂದಿನ ಒಂದು ಮೊಳ ಹೂವು ತಂದವರಲ್ಲ" ಎಂದರು. ಕುಂಡವನ್ನು ವಾಪಸ್ ಕೊಡಲಿಲ್ಲ, ಹೋಟೆಲ್ ರೂಮಿನಲ್ಲಿ ದಿನಾ ನೀರು ಹಾಕಿದರು.

ಸೆವಿಲ್ಲೆಯ ವಸಂತದ ಜಾತ್ರೆಯಲ್ಲಿ ಸಾಲು ಸಾಲು ಡೇರೆ, ಒಳಗೆ ಹಾಡು, ಕುಣಿತ, ಊಟ. ಆದರೆ ಬಹಳಷ್ಟು ಡೇರೆ ಮನೆತನಗಳ ಸ್ವಂತದ್ದು, ಕರೆಯದೆ ಒಳಗೆ ಹೋಗುವ ಹಾಗಿಲ್ಲ. ಇದು ನನಗೆ ಗೊತ್ತಿತ್ತು, ನನ್ನ ಗುಂಪಿಗೆ ಹೇಳಿಯೂ ಇದ್ದೆ. ಆದರೂ ಹೆಂಗಸರೆಲ್ಲ ಕಾಂಜೀವರಂ ಉಟ್ಟು, ಮುಡಿಗೆ ಅಲ್ಲೇ ಕೊಂಡ ಹೂ ಇಟ್ಟು ಬೀದಿಯಲ್ಲಿ ನಿಂತಿದ್ದಾಗ ಒಬ್ಬ ಅಜ್ಜಿ ಡೇರೆಯಿಂದ ಹೊರಗೆ ಬಂದಳು. ಸೆರಗಿನ ಜರಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿದಳು, ತನ್ನ ಶಾಲಿನ ಕುಚ್ಚನ್ನು ನಮಗೆ ತೋರಿಸಿದಳು. ಭಾಷೆ ಒಂದಿಷ್ಟೂ ಇಲ್ಲದೆ ಇಬ್ಬರು ಹೆಂಗಸರು ಬಟ್ಟೆಯ ಬಗ್ಗೆ ಮಾತಾಡಬಲ್ಲರು. ಕಾಲು ಗಂಟೆಯಲ್ಲಿ ನಾವೆಲ್ಲ ಒಳಗಿದ್ದೆವು. ಹಬ್ಬದ ಊರಿಗೆ ಹೋಗುವಾಗ ಒಳ್ಳೆಯ ಬಟ್ಟೆ ಇಟ್ಟುಕೊಳ್ಳಿ ಎಂದು ನಾನು ಪ್ರಯಾಣಿಕರಿಗೆ ಹೇಳುತ್ತಿದ್ದದ್ದು ಅದಕ್ಕೇ.

ಈಗ ಎಲ್ಲ ಫೋನಿನಲ್ಲೇ ಬಂದಿದೆ. ಟಿಕೆಟ್ ಜನರೇ ಮಾಡಿಕೊಳ್ಳುತ್ತಾರೆ, ರೂಮಿನ ಫೋಟೊ ನೋಡಿ ನನಗೇ ಪಾಠ ಹೇಳುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನೋಡಿದರೆ ನನ್ನ ಕೆಲಸ ಕಡಿಮೆಯಾಗಿರಲಿಲ್ಲ, ಬದಲಾಗಿತ್ತು. ಯಾರ ಪಕ್ಕ ಯಾರನ್ನು ಕೂರಿಸಬೇಕು, ಯಾರ ಗೊರಕೆಯನ್ನು ಯಾರು ಸಹಿಸಿಕೊಂಡಾರು ಎನ್ನುವುದು ಯಾವ ಆ್ಯಪಿಗೂ ಗೊತ್ತಿಲ್ಲ. ನನಗೆ ಗೊತ್ತಿದೆ ಎಂದು ನಾನು ಬೀಗುತ್ತಿದ್ದೆ. ಆ ಜಂಬ ಇಳಿದದ್ದು ವಲೆನ್ಸಿಯಾದಲ್ಲಿ. ನನ್ನ ಕೆಲಸದ ಅತಿ ದೊಡ್ಡ ಎಡವಟ್ಟೂ ಅದೇ, ಅತಿ ಹೆಚ್ಚು ಸಂತೋಷ ಕೊಟ್ಟ ದಿನವೂ ಅದೇ.

ಸೆಪ್ಟೆಂಬರ್ ಎಂಟು ನಮ್ಮ ಮೊಂತಿ ಹಬ್ಬ. ಮಾತೆ ಮರಿಯಮ್ಮನವರು ಹುಟ್ಟಿದ ದಿನ, ಹೊಸ ಬೆಳೆಯ ತೆನೆ ಹಬ್ಬವೂ ಹೌದು. ಗದ್ದೆಯಿಂದ ಭತ್ತದ ತೆನೆ ತಂದು, ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೊಂದು ಕೊಡುತ್ತಾರೆ. ಮನೆಯ ಹಿರಿಯರು ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಕೊಟ್ಟ ಮೇಲೆಯೇ ಊಟ. ಆವತ್ತು ಮೀನಿಲ್ಲ, ಮಾಂಸವಿಲ್ಲ, ಬರೀ ತರಕಾರಿ. ಮನೆಯವರೆಲ್ಲ ಒಟ್ಟಿಗೆ ಕೂರಬೇಕು. ದೂರದಲ್ಲಿರುವವರಿಗೆ ಒಣ ಕಾಳನ್ನು ಅಂಚೆಯಲ್ಲಿ ಕಳಿಸುವುದೂ ಉಂಟು. ಆದರೆ ಆಸ್ಟ್ರೇಲಿಯಾಕ್ಕೆ ಬೀಜ ಕಾಳು ತರುವ ಹಾಗಿಲ್ಲ. ಬಾಂಬು ತಂದರೂ ಇಷ್ಟು ಹೆದರಲಿಕ್ಕಿಲ್ಲ ಎನ್ನುವಷ್ಟು ವಿಮಾನ ನಿಲ್ದಾಣದಲ್ಲಿ ತಡಕಾಡುತ್ತಾರೆ. ಹಾಗಾಗಿ ಬ್ರಿಸ್ಬೇನಿನ ನಾವು ಹೂವಿನಂಗಡಿಯಲ್ಲಿ ಅಲಂಕಾರಕ್ಕೆ ಮಾರುವ ಒಣ ಗೋಧಿ ತೆನೆಯಲ್ಲಿ ಎಷ್ಟೋ ವರ್ಷ ಹಬ್ಬ ಮಾಡಿಕೊಂಡವರು.

ವಲೆನ್ಸಿಯಾ ನಗರದ ಪಕ್ಕದಲ್ಲೇ ದೊಡ್ಡ ಸರೋವರ, ಅದರ ಸುತ್ತ ಭತ್ತದ ಗದ್ದೆ, ಸೆಪ್ಟೆಂಬರಿನಲ್ಲಿ ಕೊಯ್ಲು. ಇದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಕೆವಿನ್ ಎದುರು ಕೂತು ವಿವರಿಸಿದೆ. ಅವನು ಪೈ ಕೆಳಗಿಟ್ಟ.

"ಸರಿಯಾಗಿ ಅರ್ಥ ಮಾಡಿಕೊಳ್ತೀನಿ ತಾಳು. ಒಂದು ಹಸಿ ಅಕ್ಕಿಕಾಳು ತಿನ್ನೋದಕ್ಕೆ ಜನ ಸ್ಪೇನಿಗೆ ಹೋಗ್ತಾರೆ?"

"ಹೋಗ್ತಾರೆ."

"ದುಡ್ಡು ಕೊಟ್ಟು?"

"ಜಾಹೀರಾತೂ ಬೇಡ ಕೆವಿನ್. ಒಂದು ವಾಟ್ಸ್ಆ್ಯಪ್ ಸಾಕು."

ಸಂಜೆಯೊಳಗೆ ಬಸ್ಸು ತುಂಬಿತು. ರೂಮಿನ ಪಟ್ಟಿ ಮಾಡುವಾಗ ಕೆವಿನ್ ನನ್ನ ಹೆಗಲ ಮೇಲಿನಿಂದ ಇಣುಕಿ, "ಪರ್ತಿನಿಂದ ಒಬ್ಬ ಪಿಂಟೊ, ಅಡಿಲೇಡಿನಿಂದ ಒಬ್ಬ ಪಿಂಟೊ. ಸಂಬಂಧಿಕರಾ? ಒಂದು ಮಾತು ಕೇಳಿಬಿಡು" ಎಂದ. ನಾನು ನಕ್ಕುಬಿಟ್ಟೆ. ನಮ್ಮೂರಲ್ಲಿ ಕಣ್ಣು ಮುಚ್ಚಿ ಕಲ್ಲು ಹೊಡೆದರೆ ಬೀಳುವುದು ಪಿಂಟೊನ ತಲೆಗೆ, ತಪ್ಪಿದರೆ ಡಿಸೋಜನ ತಲೆಗೆ, ಎಷ್ಟು ಜನರನ್ನು ಸಂಬಂಧ ಕೇಳಲಿ ಎಂದೆ. ಬೇರೆ ಯಾವ ದೇಶದವರು ಈ ಪಟ್ಟಿ ಮಾಡಿದ್ದರೂ ಕೇಳುತ್ತಿದ್ದರು. ನಮ್ಮವರ ಬಗ್ಗೆ ಎಲ್ಲ ಗೊತ್ತಿದ್ದ ನಾನು ಕೇಳಲಿಲ್ಲ.

ಅಡಿಲೇಡಿನ ಪಿಂಟೊ ಎಂದರೆ ಫ್ಲೋರಿನ್ ಆಂಟಿ. ಮದುವೆಯಾಗದೆ ಕುವೈಟಿನಲ್ಲಿ, ಆಮೇಲೆ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದವರು. ನೆಟ್ಟಗಿನ ಬೆನ್ನು, ಮಡಿಸಿದ ಕರ್ಚೀಫು. ಪರ್ತಿನ ಪಿಂಟೊ ವಲೇರಿಯನ್ ಅಂಕಲ್. ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, ಹೆಂಡತಿ ತೀರಿಹೋಗಿದ್ದರು, ಮಾತಾಡಿದ್ದಕ್ಕೆಲ್ಲ ಗಹಗಹಿಸಿ ನಗುವವರು. ಅವರು ಒಂದು ವಿಮಾನದಲ್ಲಿ ಬಂದರು, ಇವರು ಇನ್ನೊಂದರಲ್ಲಿ. ವಲೆನ್ಸಿಯಾದ ಹೋಟೆಲಿನ ಲಿಫ್ಟಿನ ಬಾಗಿಲು ತೆರೆದಾಗ ಒಳಗಿದ್ದ ವಲೇರಿಯನ್ ಅಂಕಲ್ ನಗು ಹಾಗೇ ನಿಂತಿತು. ಹೊರಗಿದ್ದ ಫ್ಲೋರಿನ್ ಆಂಟಿ ನನ್ನ ಕಡೆ ತಿರುಗಿದರು.

"ನನ್ನ ತಮ್ಮನನ್ನು ಕರೆದದ್ದು ನೀನಾ?"

"ತಮ್ಮನಾ ಆಂಟಿ?" ಎಂದೆ ನಾನು.

ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವಂತೆ. ಈಗ ಒಂದೇ ಹೋಟೆಲು, ಒಂದೇ ಬಸ್ಸು. ನಾನೇ ಹೂಡಿದ ಆಟ ಇದು ಎಂದು ಅಡಿಲೇಡಿನವರು ಇವತ್ತಿಗೂ ನಂಬಿದ್ದಾರೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. ಹಬ್ಬದವರೆಗಿನ ದಿನಗಳು ಹೇಗೋ ಸಾಗಿದವು. ಬಸ್ಸಿನಲ್ಲಿ ಅಕ್ಕ ಮುಂದೆ, ತಮ್ಮ ಹಿಂದೆ. ಮಾರುಕಟ್ಟೆಯಲ್ಲಿ ಅಕ್ಕ ಹಣ್ಣಿನ ಸಾಲು, ತಮ್ಮ ಮೀನಿನ ಸಾಲು. ನಡುವೆ ನಾನು ಬಲೆಗೆ ಬಿದ್ದ ಏಡಿಯ ಹಾಗೆ ಅಡ್ಡಡ್ಡ ಓಡಾಡಿದೆ.

ಎಂಟನೇ ತಾರೀಖು ಬೆಳಿಗ್ಗೆ ಸರೋವರದ ದಂಡೆಯ ಒಂದು ಹಳ್ಳಿಗೆ ಹೋದೆವು. ಕೆಲವು ಗದ್ದೆಗಳ ಕೊಯ್ಲಾಗಿತ್ತು, ಕೆಲವಕ್ಕೆ ಯಂತ್ರ ಇಳಿದಿತ್ತು. ಹಳದಿ ಗದ್ದೆ ಕಂಡದ್ದೇ ಬಸ್ಸಿನಲ್ಲಿದ್ದ ನಮ್ಮವರೆಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮೊದಲೇ ಹೇಳಿಟ್ಟಿದ್ದ ರೈತನೊಬ್ಬ ಒಂದು ತೆಕ್ಕೆ ತೆನೆ ಕೊಯ್ದು ಕೊಟ್ಟ. ಅಕ್ಕಿ ಬೇಡ, ಹೊಟ್ಟು ಸಮೇತ ತೆನೆಯೇ ಬೇಕು ಎನ್ನುವ ಈ ಜನ ಯಾರು ಎಂದು ಅವನಿಗೆ ಅರ್ಥವಾಗಲಿಲ್ಲ. ಫ್ಲೋರಿನ್ ಆಂಟಿ ಒಂದು ಕಾಳನ್ನು ಉಗುರಿನಲ್ಲಿ ಸುಲಿದು ನೋಡಿ, "ಗುಂಡು ಕಾಳು. ಕುಚ್ಚಲಕ್ಕಿಗೆ ಆಗ್ಲಿಕ್ಕಿಲ್ಲ" ಎಂದರು. ಎಲ್ಲರೂ ನಕ್ಕರು. ಹಳ್ಳಿಯ ಪಾದ್ರಿಯವರು ಪೂಜೆ ಮುಗಿಸಿ ತೆನೆಗೆ ತೀರ್ಥ ಚಿಮುಕಿಸಿದರು. ಹೆಂಗಸರು ಅತ್ತರು, ನಾನೂ ಅತ್ತೆ. ಗೋಧಿ ತೆನೆಯಲ್ಲಿ ಮುಗಿಸಿದ ಅಷ್ಟೂ ಹಬ್ಬಗಳ ಬಾಕಿ ತೀರಿದ ಹಾಗೆ ಅನಿಸಿತು.

ಇಗರ್ಜಿಯ ಮೆಟ್ಟಿಲ ಮೇಲೆ ಯಾರೋ ಅಂದರು, ನಮ್ಮಲ್ಲಿ ಫ್ಲೋರಿನ್ ಆಂಟಿಯೇ ಹಿರಿಯರು, ಅವರೇ ತೆನೆ ಹಂಚಲಿ ಎಂದು. ವಲೇರಿಯನ್ ಅಂಕಲ್ ಆಗ ಮೊದಲ ಸಲ ಅಕ್ಕನ ಎದುರು ಬಂದು ನಿಂತರು. ಅವರು ಮಾತಾಡಿದ್ದು ಕೊಂಕಣಿಯಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಅಮ್ಮನ ಮುಖ ನೋಡಲಿಕ್ಕೆ ನನ್ನನ್ನು ಬಿಡದವರ ಕೈಯಿಂದ ನಾನು ತೆನೆ ತಿನ್ನುವುದಿಲ್ಲ."

ಅಷ್ಟು ಹೇಳಿ ಗದ್ದೆಯ ಬದು ಹಿಡಿದು ಹೊರಟೇ ಹೋದರು. ಕರೆದರೂ ತಿರುಗಲಿಲ್ಲ.

ಊಟಕ್ಕೆ ಹೇಳಿದ್ದ ಹೋಟೆಲಿಗೆ ನಡೆಯುವ ದಾರಿಯಲ್ಲಿ ಫ್ಲೋರಿನ್ ಆಂಟಿ ನನಗೆ ಹೇಳಿದರು. ಅವರ ಅಮ್ಮ ಊರಿನಲ್ಲಿ ತೀರಿಕೊಂಡಾಗ ತಮ್ಮ ಪರ್ತಿನಿಂದಲೂ ಎಷ್ಟೋ ದೂರದ ಗಣಿಯಲ್ಲಿದ್ದರಂತೆ. ಒಂದು ವಿಮಾನ ತಪ್ಪಿ, ಇನ್ನೊಂದು ತಡವಾಗಿ, ಅವರು ಮನೆಯ ಅಂಗಳಕ್ಕೆ ಬಂದಾಗ ಮಣ್ಣು ಮಾಡಿ ಮುಗಿದಿತ್ತು.

"ಮಾವಂದಿರೆಲ್ಲ ಅವಸರ ಮಾಡಿದ್ರು, ಲವೀನಾ. ಇನ್ನೆಷ್ಟು ಕಾಯುವುದು ಅಂದ್ರು. ನಾನು ಆಯ್ತು ಅಂದೆ. ಆಸ್ಪತ್ರೆಯಲ್ಲಿ ಎಷ್ಟು ಜನರ ಹಾಸಿಗೆ ಪಕ್ಕ ನಿಂತು ಡಾಕ್ಟರಿಗೆ ಹೇಳಿದ್ದೇನೆ ನಾನು, ಮಗ ಬರ್ತಿದ್ದಾನೆ, ಒಂದು ಗಂಟೆ ಬಿಡಿ ಅಂತ. ನನ್ನ ಅಮ್ಮನಿಗೋಸ್ಕರ ಆ ಒಂದು ಮಾತು ಹೇಳ್ಲಿಲ್ಲ. ಬಾಬ ಬಾಬ ಅಂತ ಅವನನ್ನು ಎತ್ತಿ ಆಡಿಸಿದವಳು ನಾನು. ಓದಿಸಿದವಳು ನಾನು. ಕಾಯಬೇಕಿತ್ತು."

"ಇದನ್ನು ಅವರಿಗೆ ಹೇಳಿದ್ದೀರಾ ಆಂಟಿ?"

"ಫೋನ್ ಎತ್ತಿದ್ರಲ್ವಾ ಹೇಳುವುದು?"

ತಮ್ಮ ಬಾರದಿದ್ದರೆ ಈ ಹೆಂಗಸು ಅಡಿಲೇಡಿಗೆ ಹೋಗುವುದು ಬಂದಾಗಿನದಕ್ಕಿಂತ ದೊಡ್ಡ ಭಾರ ಹೊತ್ತುಕೊಂಡು, ಅದನ್ನು ಹೊರಿಸಿದವಳು ನಾನು.

ಹೋಟೆಲಿನ ಅಂಗಳದಲ್ಲಿ ಉದ್ದ ಮೇಜು. ಅಲ್ಲಿನ ಹೆಸರಾದ ಅಡುಗೆ ಅಗಲ ಬಾಣಲೆಯಲ್ಲಿ ಬೇಯಿಸಿದ ಅನ್ನ. ಅದಕ್ಕೆ ಕೋಳಿ, ಮೊಲ ಹಾಕದೆ ಬರೀ ತರಕಾರಿಯಲ್ಲಿ ಮಾಡು ಎಂದು ನಾನು ಹಿಂದಿನ ದಿನವೇ ಕಾಡಿದ್ದೆ. ಪದ್ಮಿನಿ ಆಂಟಿಗೆ ಆಶ್ಚರ್ಯ. "ನನಗೋಸ್ಕರ ನೀವೆಲ್ಲಾ ವೆಜ್ ತಿಂತಿದೀರಾ?" ಎಂದು ಕೇಳಿದರು. ಇಲ್ಲ, ನಮ್ಮ ಹಬ್ಬದ ಕಟ್ಟಳೆಯೇ ಅದು ಎಂದೆ. "ಮೊದ್ಲೇ ಹೇಳ್ಬಾರ್ದಾ, ಇಷ್ಟು ವರ್ಷದಿಂದ ಈ ಒಂದು ದಿನ ನಿಮ್ಮನೆಗೇ ಊಟಕ್ಕೆ ಬರ್ತಿದ್ದೆ" ಎಂದರು. ಪಾಯಸದ ಬದಲು ಅಲ್ಲಿಯವರು ಒಂದು ಗಡ್ಡೆಯನ್ನು ಅರೆದು ಮಾಡುವ ಬಿಳಿ ಸಿಹಿ ಹಾಲು ತರಿಸಿದ್ದೆ, ನೋಡಲು ಥೇಟ್ ತೆಂಗಿನ ಹಾಲು. ಫ್ಲೋರಿನ್ ಆಂಟಿ ಕೂತು ಒಂದೊಂದೇ ಕಾಳು ಸುಲಿದು ಅದರೊಳಗೆ ಹಾಕಿದರು.

ಅಡುಗೆಯವ ಬಾಣಲೆ ತಂದು ಮೇಜಿನ ನಡುವೆ ಇಟ್ಟ. ಘಮಘಮ ಆವಿ. ಎಲ್ಲರೂ ಬೆಳಗಿನಿಂದ ಹಸಿದವರು. ಫ್ಲೋರಿನ್ ಆಂಟಿ ಹಾಲಿನ ಬಟ್ಟಲಿನ ಮೇಲೆ ಕರ್ಚೀಫು ಹೊದಿಸಿ ಕೈಕಟ್ಟಿ ಕೂತರು.

"ಅವನು ಬರಲಿ."

ಯಾರೂ ಚಮಚ ಎತ್ತಲಿಲ್ಲ. ನಾನು ಎದ್ದು ಹುಡುಕಲು ಹೊರಟರೆ ತಡೆದರು. "ಎಳ್ಕೊಂಡು ಬರುವುದು ಬೇಡ. ಅವನಾಗೇ ಬರಲಿ. ನಾನು ಕೂತಿರ್ತೇನೆ. ನೀವು ಬೇಕಾದ್ರೆ ಉಣ್ಣಿ" ಎಂದರು. ಹಿರಿಯರು ಕೊಡದೆ ಉಣ್ಣುವವರು ಯಾರು? ಸ್ವಲ್ಪ ಹೊತ್ತಿಗೆ ಅಡುಗೆಯವ ಬಂದು ನೋಡಿ ಹಣೆ ಚಚ್ಚಿಕೊಂಡ. ಅಲ್ಲಿ ಅನ್ನ ಆರಲು ಬಿಡುವುದೆಂದರೆ ಅಡುಗೆಯವನನ್ನು ಬೈದ ಹಾಗೆ. ಜನ ಅನ್ನಕ್ಕೆ ಕಾಯಬೇಕು, ಅನ್ನ ಜನಕ್ಕೆ ಕಾಯುವುದಿಲ್ಲ ಎಂದು ಕೈ ಬೀಸಿ ಬೀಸಿ ಹೇಳಿದ. ನನಗೆ ಬಂದಷ್ಟು ಸ್ಪ್ಯಾನಿಷಿನಲ್ಲಿ, ಅವರ ತಮ್ಮ ಬರಬೇಕು, ಬಹಳ ವರ್ಷವಾಯಿತು ಎಂದೆ. ಅವನು ಫ್ಲೋರಿನ್ ಆಂಟಿಯನ್ನೇ ಒಂದು ಕ್ಷಣ ನೋಡಿದ. ಆಮೇಲೆ ಒಳಗೆ ಹೋಗಿ ಇನ್ನೊಂದು ತಟ್ಟೆ, ಇನ್ನೊಂದು ಚಮಚ ತಂದು ಅವರ ಪಕ್ಕದ ಖಾಲಿ ಕುರ್ಚಿಯ ಮುಂದೆ ಇಟ್ಟ.

ಆವಿ ನಿಂತಿತು. ಅನ್ನ ಆರಿ ಗಟ್ಟಿಯಾಯಿತು. ಬೇರೆ ಮೇಜಿನವರು ಉಂಡು, ಕಾಫಿ ಕುಡಿದು ಎದ್ದುಹೋದರು. ನಮ್ಮ ಬಸ್ಸಿನ ಡ್ರೈವರ್ ಎರಡು ಸಲ ಬಂದು ಗಡಿಯಾರ ತೋರಿಸಿದ. "ಉಪವಾಸ ನನಗೇನು ಹೊಸದಾ? ಏಕಾದಶಿ ಅಂದ್ಕೊಂಡ್ರಾಯ್ತು" ಎಂದು ಪದ್ಮಿನಿ ಆಂಟಿ ಅವನನ್ನೂ ಎಳೆದು ಕೂರಿಸಿದರು. ಒಬ್ಬರೂ ಗೊಣಗಲಿಲ್ಲ. ಇಷ್ಟು ವರ್ಷ ಕಾಫಿ ಎರಡು ನಿಮಿಷ ತಡವಾದರೆ ನನ್ನ ಪ್ರಾಣ ತಿನ್ನುತ್ತಿದ್ದವರು ಇವರೇನಾ ಎಂದು ನಾನು ನೋಡುತ್ತಾ ಕೂತೆ.

ಕೊನೆಗೆ ವಲೇರಿಯನ್ ಅಂಕಲ್ ಬಂದರು. ಬೂಟಿನ ತುಂಬ ಗದ್ದೆಯ ಕೆಸರು. ನಾವೆಲ್ಲ ಉಂಡು ಬಸ್ಸಿನ ಹತ್ತಿರ ಇದ್ದೇವೆ ಎಂದುಕೊಂಡು ಅಂಗಳ ಹಾದು ಹೋಗುತ್ತಿದ್ದವರು ನಮ್ಮನ್ನು ಕಂಡು ನಿಂತರು. ಮುಟ್ಟದ ಬಾಣಲೆ, ಖಾಲಿ ತಟ್ಟೆಗಳು, ಬಟ್ಟಲಿನ ಮೇಲಿನ ಕರ್ಚೀಫು. ಅವರ ಕಣ್ಣು ಒಂದೊಂದರ ಮೇಲೂ ಹೋಗಿ ಕೊನೆಗೆ ಅಕ್ಕನ ಪಕ್ಕದ ಖಾಲಿ ಕುರ್ಚಿಗೆ ಬಂತು.

"ಯಾಕೆ, ಊಟ ಮಾಡ್ಲಿಲ್ವಾ ಯಾರೂ?" ಎಂದು ನನ್ನನ್ನು ಕೇಳಿದರು.

ನಾನು ಫ್ಲೋರಿನ್ ಆಂಟಿಯನ್ನು ನೋಡಿದೆ. ಅವರು ಕರ್ಚೀಫು ತೆಗೆದರು, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆಳೆದರು. ವಲೇರಿಯನ್ ಅಂಕಲ್ ಬಾಗಿಲ ಬಳಿ ಕೆಸರಿನ ಬೂಟು ಬಿಚ್ಚಿಟ್ಟು, ಸಾಕ್ಸಿನಲ್ಲೇ ನಡೆದು ಬಂದು ಕೂತು, ಬಲಗೈ ಚಾಚಿದರು. ಅಕ್ಕ ಚಮಚದಲ್ಲಿ ಹಾಲು, ಕಾಳು ಹಾಕಿದರು. ಬೆರಳ ಸಂದಿಯಿಂದ ಅರ್ಧ ಹಾಲು ಮೇಜಿಗೆ ಸೋರಿತು. ಉಳಿದದ್ದನ್ನು ಅವರು ಬಾಯಿಗೆ ಹಾಕಿ ನುಂಗಿದರು.

"ಸಾರಿ ಅಕ್ಕ," ಎಂದರು, ತಣ್ಣಗಾದ ಬಾಣಲೆ ನೋಡುತ್ತಾ. "ಲೇಟಾಯ್ತು ನನ್ನಿಂದ."

"ಲೇಟೇನಿಲ್ಲ ಬಾಬ," ಎಂದರು ಫ್ಲೋರಿನ್ ಆಂಟಿ. "ನಾವು ಈಗ ಕೂತದ್ದಷ್ಟೇ."